ಜಾಗ ಬಿಟ್ಟು ಕದಲದ 'ಯಾರು'

ಮೊನ್ನೆ ಭಾನುವಾರ ಸಿಂಟ್ಯಾಕ್ಸ್ ಪುಸ್ತಕವೊಂದನ್ನು ಹಿಡಿದು ಕೂತಿದ್ದೆ. (ಇಂಜಿನಿಯರಿಂಗಿನ ಕಂಪೈಲರ್ ಪಾಠದಲ್ಲಿ ಚಾಮ್‌ಸ್ಕಿ ಹೆಸರು ಕೇಳಿದಾಗ ಹತ್ತಿದ ಹುಚ್ಚು, ಇನ್ನೂ ಬಿಟ್ಟಿಲ್ಲ.) ಅಮ್ಮ ಕಾಫಿ ತಂದಿಟ್ಟು "ಯಾರು ಬರೆದ ಪುಸ್ತಕ ಓದ್ತಿದೀಯೋ?" ಅಂದ್ಲು. ಉತ್ತರ ಕೊಡೋದು ಬಿಟ್ಟು ಆ ಪ್ರಶ್ನೆಯನ್ನೇ ಯೋಚಿಸ್ತಾ ಕೂತೆ. ಇಂಗ್ಲಿಷಿನಲ್ಲಿ ಅದನ್ನು ಅದೇ ಜೋಡಣೆಯಲ್ಲಿ ಕೇಳೋಕೇ ಬರಲ್ಲ!

ಇಂಗ್ಲಿಷಿನಲ್ಲಿ 'ಹೂ', 'ವಾಟ್' ಎಲ್ಲಾ ತಮ್ಮ ಜಾಗ ಬಿಟ್ಟು ವಾಕ್ಯದ ತಲೆಗೆ ಜಿಗೀತವೆ. ಇದಕ್ಕೇ 'ಚಲನೆ' ಅನ್ನೋದು. ಆದರೆ ಎಲ್ಲಿಂದ ಬೇಕಾದರೂ ಜಿಗಿಯೋ ಹಾಗಿಲ್ಲ. ಪದ ಹೊರಬರಲಾಗದ ಜಾಗಗಳನ್ನು ಜಾನ್ ರಾಸ್ 1967ರ ತಮ್ಮ ಎಂಐಟಿ ಪ್ರಬಂಧದಲ್ಲಿ 'ದ್ವೀಪ' ಅಂತ ಕರೆದರು. 'ಇಂಥವರು ಬರೆದ ಪುಸ್ತಕ' ಅನ್ನೋ ಥರದ್ದು ಅಂಥ ಒಂದು ದ್ವೀಪ. ಒಳಗಿದ್ದ ಪದಕ್ಕೆ ದೋಣಿ ಇಲ್ಲ.

ನಮ್ಮ 'ಯಾರು'ಗೆ ದೋಣಿಯೇ ಬೇಡ. ದ್ವೀಪದಲ್ಲೇ ಕೂತು ಇಡೀ ವಾಕ್ಯವನ್ನು ಪ್ರಶ್ನೆ ಮಾಡಿಬಿಡುತ್ತೆ.

ಇಲ್ಲ, ಅದೂ ಜಿಗಿಯುತ್ತೆ, ಆದರೆ ಕಣ್ಣಿಗೆ ಕಾಣಲ್ಲ, ಅರ್ಥದ ಮಟ್ಟದಲ್ಲಿ ಅಂತ ಒಂದು ವಾದ. 1982ರಲ್ಲಿ ಜೇಮ್ಸ್ ಹುವಾಂಗ್ ಚೀನೀ ಭಾಷೆಗೆ ಹೇಳಿದ್ದು ಇದನ್ನೇ. ಹಾಗಾದರೆ ದ್ವೀಪ ಯಾಕೆ ತಡೆಯಲ್ಲ? 'ಯಾರು', 'ಏನು'ಗಳ ಕಾಣದ ಜಿಗಿತಕ್ಕೆ ಆ ನಿಯಮ ಇಲ್ಲವಂತೆ! ಓದಿ ಸಿಟ್ಟೇ ಬಂತು. ಟೆಸ್ಟ್ ಫೇಲ್ ಆದಾಗ ಒಂದು 'ಇಫ್' ಸೇರಿಸಿ ಪಾಸ್ ಮಾಡಿಸ್ತೀವಲ್ಲ, ಹಾಗೆ.

ಆದರೆ "ಯಾಕೆ ಬರೆದ ಪುಸ್ತಕ ಓದ್ತಿದೀಯ?" ಅಂತ ಹೇಳಿ ನೋಡಿ. ಬರೆದವರ ಕಾರಣ ಕೇಳೋ ಅರ್ಥ ನನ್ನ ಕಿವಿಗಂತೂ ಬರಲ್ಲ. ಓದೋದು ಯಾಕೆ ಅಂತ ಬೈದ ಹಾಗೇ ಕೇಳುತ್ತೆ. ಚೀನೀ ಭಾಷೆಯ 'ಯಾಕೆ'ಯಲ್ಲೂ ಹುವಾಂಗ್ ಕಂಡದ್ದು ಇದೇ ತಡೆ. ಅಂದರೆ ಅವರು ಸೇರಿಸಿದ್ದು ಬರೀ 'ಇಫ್' ಅಲ್ಲ. ಸಿಟ್ಟು ಅರ್ಧ ಇಳೀತು.

ಇನ್ನರ್ಧ ಉಳಿದಿದೆ. ತಡೆ ನಿಜ, ಒಪ್ಪಿದೆ. ಅದನ್ನು 'ಚಲನೆ' ಅಂತಲೇ ಯಾಕೆ ಕರೀಬೇಕು? ಪ್ರಶ್ನೆಯ ವ್ಯಾಪ್ತಿ ಎಲ್ಲೀವರೆಗೆ ಅಂತ ಹೇಳಿದರೆ ಸಾಲದೇ, ಪ್ರೋಗ್ರಾಮಿನಲ್ಲಿ ವೇರಿಯೇಬಲ್ಲಿನ ಸ್ಕೋಪ್ ಇದ್ದಂತೆ? ಈ ಶಾಸ್ತ್ರ ಕನ್ನಡದಲ್ಲಿ ಹುಟ್ಟಿದ್ದರೆ, ಇಂಗ್ಲಿಷಿನ ಪದಗಳು ಯಾಕೆ ಹೀಗೆ ಮನೆ ಬಿಟ್ಟು ಓಡ್ತವೆ ಅನ್ನೋದೇ ಮೊದಲ ಪ್ರಶ್ನೆ ಆಗ್ತಿತ್ತು. ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ತುರುಕಬೇಡಿ ಅಂತ ಡಿ.ಎನ್. ಶಂಕರ ಭಟ್ಟರು ಪುಸ್ತಕಗಳನ್ನೇ ಬರೆದರು. ಈಗ ಇಂಗ್ಲಿಷಿನ ಅಚ್ಚು ಬೇಕಾ?

ಧಾರವಾಡ, ಮಂಗಳೂರು, ಕುಂದಾಪುರ ಕಡೆಯವರು ಯಾರಾದರೂ ಇದ್ದರೆ ಆ 'ಯಾಕೆ ಬರೆದ' ನಿಮ್ಮ ಕಿವಿಗೆ ಹೇಗೆ ಕೇಳುತ್ತೆ ಹೇಳಿ. ಅಮ್ಮನ್ನೂ ಕೇಳಿದೆ. "ಕಾಫಿ ಆರ್ತಿದೆ" ಅಂದ್ಲು.