ಕೊಂಡವರು ನಾವು, ಕೀಲಿಕೈ ಅವರದೇ?

ಗಣಕಯಂತ್ರದ ಪರದೆಯಲ್ಲಿ ಚಿತ್ರ ಮೂಡಲು ಗ್ರಾಫಿಕ್ಸ್ ಚಿಪ್ ಒಂದೇ ಸಾಲದು. ಅದನ್ನು ನಡೆಸುವ ಡ್ರೈವರ್ ಬೇಕು. ಲಿನಕ್ಸ್‌ನಲ್ಲಿ ಈ ಹೊಣೆ ಹೊತ್ತಿರುವುದು 1993ರಲ್ಲಿ ಬ್ರಯಾನ್ ಪಾಲ್ ಆರಂಭಿಸಿದ ‘ಮೆಸಾ’ ಎಂಬ ಮುಕ್ತ ತಂತ್ರಾಂಶ. ಇಂಥದನ್ನು ಕಟ್ಟುವವರನ್ನು ತ್ಯಾಗಜೀವಿಗಳೆಂದು ಹೊಗಳಿ ನಾವು ಸುಮ್ಮನಾಗುತ್ತೇವೆ. ಆ ಹೊಗಳಿಕೆ ತಯಾರಕರ ಹೊಣೆಗೇಡಿತನಕ್ಕೆ ಹೊದಿಸುವ ಶಾಲು.

ಎನ್‌ವಿಡಿಯಾ ವಿವರ ಕೊಡದಿದ್ದಾಗ ‘ನೂವೋ’ ತಂಡದವರು ಚಿಪ್‌ನ ವರ್ತನೆಯನ್ನು ಗಮನಿಸಿಯೇ ಒಳಗುಟ್ಟನ್ನು ಬಿಡಿಸಿ ಡ್ರೈವರ್ ಬರೆದರು. 2014ರಿಂದೀಚೆಗೆ ಬಂದ ಚಿಪ್‌ಗಳು ಕಂಪನಿಯ ಸಹಿಯುಳ್ಳ ಫರ್ಮ್‌ವೇರನ್ನೇ ಕೇಳತೊಡಗಿದವು; ವೇಗದ ನಿಯಂತ್ರಣ ಆ ತಂಡದ ಕೈತಪ್ಪಿತು. ವ್ಯಾಪಾರದ ಗುಟ್ಟು ಎಂಬ ಸಮಜಾಯಿಷಿಯನ್ನು ನಾವು ಒಪ್ಪುವುದಿಲ್ಲ. ಎಎಮ್‌ಡಿ 2007ರಿಂದಲೇ ತನ್ನ ಚಿಪ್‌ಗಳ ವಿವರಗಳನ್ನು ಪ್ರಕಟಿಸತೊಡಗಿತು. ಅದರ ವ್ಯಾಪಾರವೇನೂ ಮುಳುಗಲಿಲ್ಲ. 2022ರಲ್ಲಿ ಎನ್‌ವಿಡಿಯಾ ಕೂಡ ಡ್ರೈವರಿನ ಕರ್ನೆಲ್ ಭಾಗವನ್ನು ತೆರೆಯಿತು, ಫರ್ಮ್‌ವೇರನ್ನಲ್ಲ.

ಭಾರತ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಮೇಲಂತಸ್ತಿನ ಕಿಟಕಿ ತೆರೆದು ತಳಮನೆಗೆ ಬೀಗ ಜಡಿದರೆ ಅದೆಂಥ ಸ್ವಾತಂತ್ರ್ಯ? ಕಂಪನಿ ಬೆಂಬಲ ನಿಲ್ಲಿಸಿದ ದಿನ, ಸುಸ್ಥಿತಿಯಲ್ಲಿರುವ ಯಂತ್ರವೂ ಗುಜರಿಯ ದಾರಿ ಹಿಡಿಯುತ್ತದೆ. ಅದರ ಬೆಲೆ ತೆತ್ತವರು ತೆರಿಗೆದಾರರು.

ಆದ್ದರಿಂದ ಸರ್ಕಾರಿ ಕಚೇರಿಗಳಲ್ಲಿ ಕಡತ ವಿಲೇವಾರಿ ಮಾಡುವ ನಮ್ಮಂಥವರು ಕೇಳಬೇಕಾದದ್ದು ಇಷ್ಟೇ: ಸಾರ್ವಜನಿಕ ಹಣದಿಂದ ಕೊಳ್ಳುವ ಪ್ರತಿ ಗಣಕಯಂತ್ರದ ಟೆಂಡರಿನಲ್ಲೂ, ಮುಕ್ತ ಡ್ರೈವರ್ ಇರಬೇಕು, ಇಲ್ಲವೇ ಅದನ್ನು ಬರೆಯಲು ಬೇಕಾದ ಸಂಪೂರ್ಣ ವಿವರ ಇರಬೇಕು ಎಂಬ ಷರತ್ತು. ಕೊಡಲಾರದವರ ಯಂತ್ರ ನಮಗೆ ಬೇಡ.