ಕೋಟಿಯ ಹೋರಿ, ಕಾವಲಿಲ್ಲದ ತಳಿ

ಹಳ್ಳಿಕಾರ್ ತಳಿಗೆ ಸುವರ್ಣಕಾಲ ಬಂತೆಂದು ಕುಣಿಯುತ್ತಿರುವವರಿಗೆ ನನ್ನದೊಂದೇ ಪ್ರಶ್ನೆ: ಆ ಒಂದು ಕೋಟಿಯನ್ನು ಎಣಿಸಿ ಕೊಟ್ಟವರು ಯಾರು?

2021ರ ನವೆಂಬರಿನಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕೃಷಿ ಮೇಳಕ್ಕೆ ಬಂದಿದ್ದ ಕೃಷ್ಣ ಎಂಬ ಹಳ್ಳಿಕಾರ್ ಹೋರಿಗೆ ಆಗ ಮೂರೂವರೆ ವರ್ಷ. ಬೆಲೆ ಒಂದು ಕೋಟಿ ಎಂಬ ಮಾತಿನ ಜೊತೆ ಅದರ ವಿಡಿಯೊ ದೇಶವೆಲ್ಲ ಸುತ್ತಿತು. ನಾನು ನೋಡಿದ ಯಾವ ವಿಡಿಯೊದಲ್ಲೂ ಕೊಂಡವರ ಮುಖವಿರಲಿಲ್ಲ. ದನಗಳ ಜಾತ್ರೆ ಬಲ್ಲವರಿಗೆ ಗೊತ್ತು, ಬೆಲೆ ಕುದುರುವುದು ಟವಲಿನ ಅಡಿಯಲ್ಲಿ, ಬೆರಳು ಹಿಡಿದು. ಅದಕ್ಕೂ ಮೊದಲು ಹಲ್ಲು ನೋಡುತ್ತಾರೆ, ಸುಳಿ ನೋಡುತ್ತಾರೆ, ನೊಗ ಹೂಡಿ ನಡೆಸಿ ನೋಡುತ್ತಾರೆ. ಕ್ಯಾಮೆರಾ ಮುಂದೆ ಕೂಗಿದ ಮೊತ್ತವನ್ನು ಬೆಲೆ ಎಂದು ನಂಬುವವರು ಜೀವಮಾನದಲ್ಲಿ ಒಂದು ಕರುವನ್ನೂ ಕೊಂಡವರಲ್ಲ.

ಹೋರಿ ಸಾಕಿದ ರೈತರ ಮೇಲೆ ನನ್ನ ದೂರಿಲ್ಲ. ಅಂಥ ಹೋರಿಯನ್ನು ಬೆಳೆಸಲು ಎಷ್ಟು ಬೆವರು, ಎಷ್ಟು ಹಿಂಡಿ ಬೂಸಾ ಬೇಕೆಂದು ಬಲ್ಲೆ. ನನ್ನ ಸಿಟ್ಟು ಆ ಕೋಟಿಯನ್ನು ತೋರಿಸಿ ಹಳ್ಳಿಯ ಹುಡುಗರಿಗೆ ಆಸೆ ಹಚ್ಚಿದವರ ಮೇಲೆ.

ಅದೇ ಸುದ್ದಿಯಲ್ಲಿ ಇನ್ನೊಂದು ಅಂಕಿಯಿತ್ತು: ವೀರ್ಯದ ಒಂದು ಕಡ್ಡಿಗೆ 1,000 ರೂಪಾಯಿ. ಕೋಟಿಯ ಗದ್ದಲದಲ್ಲಿ ಮುಚ್ಚಿಹೋದ ಈ ಸಾವಿರವೇ ಅಸಲಿ ವಿಷಯ. ಅದು ಎರಡು ಹಸು ಕಟ್ಟಿಕೊಂಡವನ ಜೇಬಿನಿಂದ ಹೋಗುವ ಹಣ. ಒಂದೇ ಸಲಕ್ಕೆ ಗಬ್ಬ ನಿಲ್ಲುವ ಖಾತ್ರಿಯಿಲ್ಲ. ನಿಂತು, ಹೆಣ್ಣು ಕರು ಹುಟ್ಟಿ, ಅದು ಬೆಳೆದು ಈದರೂ ದಿನಕ್ಕೆ ಎರಡು ಮೂರು ಲೀಟರ್ ಹಾಲು. ಗಂಡು ಹುಟ್ಟಿದರೆ? ಹಳ್ಳಿಕಾರ್ ದುಡಿಮೆಯ ತಳಿ. ಅದರ ದುಡಿಮೆಯನ್ನು ಟ್ರ್ಯಾಕ್ಟರು, ಟಿಲ್ಲರು ಕಿತ್ತುಕೊಂಡು ದಶಕಗಳಾದವು. ಸಾವಿರ ಕೊಟ್ಟು ಹುಟ್ಟಿಸಿದ ಹೋರಿಗರುವಿಗೆ ಉಳುವ ಹೊಲ ಎಲ್ಲಿದೆ, ಎಳೆಯುವ ಗಾಡಿ ಎಲ್ಲಿದೆ?

ಆ ಕಡ್ಡಿಯೊಳಗೆ ಏನಿದೆ ಎಂದಾದರೂ ಕೇಳಿದಿರಾ? ಅಧಿಕೃತ ವೀರ್ಯ ಕೇಂದ್ರಕ್ಕೆ ಸೇರುವ ಹೋರಿಗೆ ಕಂದು ರೋಗದ ಪರೀಕ್ಷೆ, ಕ್ಷಯದ ಪರೀಕ್ಷೆ ಆಗಲೇಬೇಕು. ತಾಯಿ ತಂದೆಯ ದಾಖಲೆ ಬೇಕು. ವಿಡಿಯೊದಲ್ಲಿ ಹೆಸರಾದ ಹೋರಿಗೆ ಮೈಕಟ್ಟು, ಕೊಂಬು, ಹೂವಿನ ಹಾರ ಸಾಕು. ಕಂದು ರೋಗ ಹಸುವಿನ ಗಬ್ಬ ಕಳೆಯುತ್ತದೆ, ಮನುಷ್ಯರಿಗೂ ಹತ್ತುತ್ತದೆ. ರೋಗ ಇಲ್ಲದಿದ್ದರೂ, ಊರೂರಿನ ಹಸುಗಳಿಗೆಲ್ಲ ಒಂದೇ ಹೋರಿಯ ಬೀಜ ಬಿದ್ದರೆ ನಾಳೆ ಅಣ್ಣ ತಂಗಿಯರನ್ನೇ ಕೂಡಿಸಬೇಕಾಗುತ್ತದೆ, ಕರುಗಳು ಕುಗ್ಗುತ್ತವೆ. ತಳಿ ಉಳಿಯಲು ನೂರಾರು ಬೇರೆ ಬೇರೆ ಹೋರಿಗಳು ಬೇಕು. ಅವುಗಳಲ್ಲಿ ಹೆಚ್ಚಿನವು ಹೆಸರಿಲ್ಲದೆ ಯಾವುದೋ ಕೊಟ್ಟಿಗೆಯಲ್ಲಿರುತ್ತವೆ, ಅವುಗಳ ಮುಂದೆ ಯಾರೂ ಸೆಲ್ಫಿ ತೆಗೆದುಕೊಳ್ಳುವುದಿಲ್ಲ.

ತಳಿಯ ಮೇಲೆ ಈ ನಾಡಿಗೆ ನಿಜವಾದ ಪ್ರೀತಿ ಇದ್ದಿದ್ದರೆ ಅದರ ಹುಲ್ಲನ್ನು ಉಳಿಸುತ್ತಿತ್ತು. ಮೈಸೂರಿನ ಅರಸರು ‘ಬೆಣ್ಣೆ ಚಾವಡಿ’ ಕಟ್ಟಿ, ಟಿಪ್ಪು ಅದನ್ನು ಅಮೃತಮಹಲ್ ಎಂದು ಕರೆದು, ಹಳ್ಳಿಕಾರ್ ರಕ್ತದ ಆ ದನಗಳಿಗಾಗಿ ಸಾವಿರಾರು ಎಕರೆ ಕಾವಲುಗಳನ್ನು ಮೀಸಲಿಟ್ಟರು. ನಮ್ಮ ಕಾಲದಲ್ಲಿ ಏನಾಯಿತು? ಚಳ್ಳಕೆರೆಯ ಸುಮಾರು 10,000 ಎಕರೆ ಅಮೃತಮಹಲ್ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳ ಪಾಲಾಯಿತು. ಕುರಿ, ದನ ಮೇಯಿಸುತ್ತಿದ್ದವರು ಗೋಡೆ ಎದ್ದ ಮೇಲೆ ಹಸಿರು ನ್ಯಾಯಮಂಡಳಿಯ ಬಾಗಿಲು ಬಡಿದರು. ಊರ ಗೋಮಾಳಗಳ ಕತೆ ಕೇಳುವುದೇ ಬೇಡ, ಬಡಾವಣೆಯಾಗದೆ ಉಳಿದವು ಎಷ್ಟು? ಆಗ ಈ ಹಳ್ಳಿಕಾರ್ ಅಭಿಮಾನಿಗಳು ಎಲ್ಲಿದ್ದರು? 2022ರಲ್ಲಿ ಚರ್ಮಗಂಟು ರೋಗಕ್ಕೆ ರಾಜ್ಯದ ಸಾವಿರಾರು ದನಗಳು ಸತ್ತವು. ಕೃಷ್ಣನ ವಿಡಿಯೊ ಹಂಚಿಕೊಂಡ ಕೈಗಳಲ್ಲಿ ಎಷ್ಟು ಕೈಗಳು ಊರಿಗೊಬ್ಬ ದನದ ಡಾಕ್ಟರು ಬೇಕೆಂದು ಅರ್ಜಿ ಬರೆದವು?

ಕೃಷಿ ವಿಶ್ವವಿದ್ಯಾಲಯ ಮುಂದಿನ ಮೇಳದಲ್ಲಿ ಹೋರಿ ಕಟ್ಟುವುದಾದರೆ ಕಟ್ಟಲಿ. ಅದರ ಪಕ್ಕದಲ್ಲಿ ರೋಗಪರೀಕ್ಷೆಯ ವರದಿ, ವಂಶಾವಳಿ, ಹುಟ್ಟಿದ ಕರುಗಳ ಲೆಕ್ಕ ಇರುವ ಬೋರ್ಡು ತೂಗುಹಾಕಲಿ. ಆ ಮೂರೂ ಇಲ್ಲದ ಹೋರಿಯ ಕಡ್ಡಿಗೆ, ವಿಡಿಯೊವನ್ನು ಎಷ್ಟೇ ಲಕ್ಷ ಜನ ನೋಡಿರಲಿ, ರೈತರು ಒಂದು ರೂಪಾಯಿಯನ್ನೂ ಕೊಡಬಾರದು.