ಕುಯ್ಲಿನ ತಿಂಗಳಿಗೆ ಮೊದಲು ಒಂದು ಮಾತು

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಮನೆಗಳಿಂದ ಹೊರಟು ಡಿಸೈನರ್‌ಗಳಾಗಿ ದುಡಿಯುತ್ತಿರುವ ತಮ್ಮಂದಿರೇ, ತಂಗಿಯರೇ, ಇದನ್ನು ನವೆಂಬರ್ ಬರುವ ಮೊದಲೇ ನಿಮಗೆ ಹೇಳಬೇಕು. ಬಂದ ಮೇಲೆ ಕೇಳಿಸಿಕೊಳ್ಳಲು ನಿಮಗೆ ಪುರುಸೊತ್ತು ಇರುವುದಿಲ್ಲ.

ಆ ಒಂದು ತಿಂಗಳ ತಲೆಯ ಮೇಲೆ ಏನೇನು ಬಂದು ಕೂರುತ್ತದೆ ನೋಡಿ. ಮನೆಯಲ್ಲಿ ಅರೇಬಿಕಾ ಹಣ್ಣಾಗುತ್ತದೆ. ಬೆಂಗಳೂರಿನಲ್ಲಿ ಸಮ್ಮೇಳನಗಳ ಸುಗ್ಗಿ. ಸರ್ಕಾರದ ಟೆಕ್ ಸಮ್ಮಿಟ್ ಕೂಡ ಈಚಿನ ವರ್ಷಗಳಲ್ಲಿ ನವೆಂಬರಿನಲ್ಲೇ ನಡೆಯುತ್ತಿದೆ. ಅಮೆರಿಕದ ಕ್ಲೈಂಟಿಗೆ ಥ್ಯಾಂಕ್ಸ್‌ಗಿವಿಂಗ್ ರಜೆಯೊಳಗೆ ಎಲ್ಲವೂ ಮುಗಿದಿರಬೇಕು. ನವೆಂಬರಿನ ಮೊದಲ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಕ್ಟೋಬರಿನಲ್ಲಿ ರಾತ್ರಿ ಎಂಟೂವರೆಗೆ ಬರುತ್ತಿದ್ದ ನ್ಯೂಯಾರ್ಕಿನ ಕಾಲ್ ಅವತ್ತಿನಿಂದ ಒಂಬತ್ತೂವರೆಗೆ ಬರುತ್ತದೆ. ಅವರ ದಿನಚರಿ ಇದ್ದ ಹಾಗೇ ಇದೆ. ಊಟ ತಡವಾದದ್ದು, ನಿದ್ದೆ ಕಳೆದದ್ದು ನಿಮ್ಮದು. ಇದರ ನಡುವೆ ಊರಿನ ಸಂಘದವರು ಫೋನ್ ಮಾಡುತ್ತಾರೆ, "ರಾಜ್ಯೋತ್ಸವಕ್ಕೆ ಒಂದು ಬ್ಯಾನರ್ ಮಾಡ್ಕೊಡು ಮಾರಾಯ, ನಿಂಗೇನು ಐದು ನಿಮಿಷದ ಕೆಲಸ" ಅಂತ. ಶುಕ್ರವಾರ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ ಊರಿಗೆ, ಭಾನುವಾರ ರಾತ್ರಿ ವಾಪಸು.

ವಾರದ ಮೇಲೆ ವಾರ ಹೀಗೆ ಓಡಿ, ಅದನ್ನೇ ಸಾಮರ್ಥ್ಯವೆಂದು ನೀವು ನಂಬಿದ್ದೀರಿ. ನಾವು ಹಿರಿಯರೂ ಹಾಗೇ ನಂಬಿಸಿದ್ದೇವೆ. "ನಮ್ಮ ಹುಡುಗಿ ತೋಟವನ್ನೂ ನೋಡ್ಕೋತಾಳೆ, ಬೆಂಗಳೂರನ್ನೂ ನಿಭಾಯಿಸ್ತಾಳೆ" ಎಂದು ಮದುವೆಮನೆಯಲ್ಲಿ ಹೇಳಿಕೊಂಡು ಹೆಮ್ಮೆಪಟ್ಟಿದ್ದೇವೆ. ಆ ಹುಡುಗಿ ಹೇಗೆ ನಿಭಾಯಿಸುತ್ತಾಳೆ ಎಂದು ಒಂದು ದಿನವೂ ಕೇಳಲಿಲ್ಲ.

ಕೇಳಬೇಕಾದ ಕಾಲ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಸೇರಿ 2021ರ ಮೇ ತಿಂಗಳಲ್ಲಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯ ಕಾರಣಕ್ಕೆ ಜಗತ್ತಿನಲ್ಲಿ ಸತ್ತವರು ಸುಮಾರು 7 ಲಕ್ಷ 45 ಸಾವಿರ ಮಂದಿ. ಅಷ್ಟು ದೊಡ್ಡ ಸಂಖ್ಯೆ ಮನಸ್ಸಿಗೆ ಇಳಿಯದಿದ್ದರೆ ಪುಣೆಯ ಆ ಹುಡುಗಿಯನ್ನು ನೆನಪಿಸಿಕೊಳ್ಳಿ. 26ರ ಹರೆಯ, ಲೆಕ್ಕಪರಿಶೋಧಕಿ, ಕೆಲಸಕ್ಕೆ ಸೇರಿ ಕೆಲವೇ ತಿಂಗಳು. 2024ರ ಜುಲೈಯಲ್ಲಿ ತೀರಿಕೊಂಡಳು. ಆಕೆಯ ತಾಯಿ ಬರೆದ ಪತ್ರವನ್ನು ಆ ಸೆಪ್ಟೆಂಬರಿನಲ್ಲಿ ದೇಶವೇ ಓದಿತು. ಓದಿದವರಲ್ಲಿ ನೀವೂ ಇದ್ದಿರಿ, ಮತ್ತೆ ಲ್ಯಾಪ್‌ಟಾಪ್ ತೆರೆದಿರಿ.

ಅದೇ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ಎದ್ದಿತ್ತು. ಅದರ ಹಿಂದಿನ ವರ್ಷವೇ ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದಿದ್ದರು. 14 ಗಂಟೆಯ ಪ್ರಸ್ತಾವವನ್ನು ಐಟಿ ನೌಕರರ ಸಂಘ ಬೀದಿಗಿಳಿದು ವಿರೋಧಿಸಿತು, ಅದು ಕಾಯ್ದೆಯಾಗಲಿಲ್ಲ. ಆದರೆ ನಿಮ್ಮಲ್ಲಿ ಅರ್ಧಕ್ಕರ್ಧ ಮಂದಿ ಫ್ರೀಲಾನ್ಸ್. ನಿಮಗೆ ಸಂಘವಿಲ್ಲ, ಹಾಜರಿ ಪುಸ್ತಕವಿಲ್ಲ, ರಜೆ ಕೊಡುವವರೂ ಇಲ್ಲ. 14 ಗಂಟೆಯ ದಿನವನ್ನು ಯಾವ ಸರ್ಕಾರವೂ ನಿಮ್ಮ ಮೇಲೆ ಹೇರಲಿಲ್ಲ. ನಿಮ್ಮ ಮನೆಯ ಜಗಲಿಯಲ್ಲಿ ನೀವೇ ಜಾರಿಗೆ ತಂದಿರಿ.

ಇಲ್ಲಿ ನನಗೆ ನೋವಾಗುವ ಸಂಗತಿ ಒಂದಿದೆ. ನೀವು ಬಂದದ್ದು ತೋಟಗಳ ಸೀಮೆಯಿಂದ. 1951ರ ತೋಟ ಕಾರ್ಮಿಕರ ಕಾಯ್ದೆ ಹುಟ್ಟಿದ್ದು ಇಂಥ ತೋಟಗಳಿಗಾಗಿಯೇ. ವಯಸ್ಕ ಕೆಲಸಗಾರರನ್ನು ವಾರಕ್ಕೆ (ಮುಂದೆ ಬಂದ ತಿದ್ದುಪಡಿಯ ಪ್ರಕಾರ) 48 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಏಳು ದಿನಕ್ಕೊಮ್ಮೆ ಬಿಡುವು ಕೊಡಲೇಬೇಕು, ಐದು ಗಂಟೆ ಸತತ ದುಡಿದ ಮೇಲೆ ಅರ್ಧ ಗಂಟೆಯಾದರೂ ವಿರಾಮ ಬೇಕು ಎಂಬ ನಿಯಮಗಳು ಅದರಲ್ಲಿದ್ದವು. ಲೈನ್‌ಮನೆಗಳಲ್ಲಿ ಬದುಕಿದವರ ಎಷ್ಟೋ ವರ್ಷಗಳ ಸಂಕಟದ ಮೇಲೆ ಬಂದ ಕಾಯ್ದೆ ಅದು. ಎಲ್ಲ ತೋಟಗಳೂ ಅದನ್ನು ಅಕ್ಷರಶಃ ಪಾಲಿಸಿದವು ಎಂದು ನಾನು ಹೇಳುವುದಿಲ್ಲ, ಪಾಲಿಸದ ತೋಟಗಳ ಕತೆ ನಿಮಗೂ ಗೊತ್ತು. ಆದರೂ ಸಂತೆಯ ದಿನ ತೋಟಕ್ಕೆ ಆಳು ಬರುವುದಿಲ್ಲ ಎಂಬುದನ್ನು ಎಂಥ ಯಜಮಾನನೂ ಒಪ್ಪಿಕೊಂಡಿದ್ದಾನೆ. ಹಣ್ಣು ಉದುರುತ್ತಿದ್ದರೂ ಒಪ್ಪಿಕೊಂಡಿದ್ದಾನೆ. ಬುಟ್ಟಿ ಕಟ್ಟಿಕೊಂಡು ಹಣ್ಣು ಕುಯ್ಯುವ ಹೆಂಗಸಿಗೆ ಇರುವ ಆ ಒಂದು ದಿನ, ಕಾಲೇಜು ಓದಿ ಲೋಗೊ ಬಿಡಿಸುವ ನಿಮಗೆ ಏಕಿಲ್ಲ? ಅವರು ಕೇಳಿ ಪಡೆದರು. ನೀವು ಕೇಳಲು ನಾಚಿಕೊಂಡಿರಿ. ಕೇಳುವಾಗ ಅವರನ್ನೂ ಮರೆಯಬೇಡಿ: ಇವತ್ತು ಅಸ್ಸಾಮಿನಿಂದ ಬಂದು ನಿಮ್ಮ ಅಪ್ಪನ ತೋಟದಲ್ಲಿ ಕುಯ್ಲು ಮಾಡುತ್ತಿರುವವರ ಬಿಡುವಿಗೂ ದನಿ ಎತ್ತದವರು ತಮ್ಮ ಬಿಡುವಿನ ಬಗ್ಗೆ ಮಾತಾಡಿದರೆ ಆ ಮಾತಿಗೆ ತೂಕವಿರುವುದಿಲ್ಲ.

ನೀವು ಹೇಳುತ್ತೀರಿ: "ಒಂದು ತಿಂಗಳು ತಾನೇ, ಆಮೇಲೆ ಸುಧಾರಿಸಿಕೊಂಡರಾಯಿತು." ಇದಕ್ಕೆ ಉತ್ತರ ನಿಮ್ಮ ತೋಟದಲ್ಲೇ ಇದೆ. ನೆರಳು ತೀರಾ ಕಡಿಮೆ ಮಾಡಿದ ಅರೇಬಿಕಾ ಗಿಡ ಒಂದು ವರ್ಷ ಮೈತುಂಬ ಕಾಯಿ ಕಟ್ಟುತ್ತದೆ. ನೋಡಿದವರು ಹೊಗಳುತ್ತಾರೆ. ತನ್ನಲ್ಲಿದ್ದ ಸತ್ವವನ್ನೆಲ್ಲ ಕಾಯಿಗೆ ಸುರಿದ ಆ ಗಿಡದ ರೆಂಬೆಗಳು ತುದಿಯಿಂದ ಒಣಗುತ್ತಾ ಬರುತ್ತವೆ, ಮರುವರ್ಷ ಅದರಲ್ಲಿ ಹೇಳಿಕೊಳ್ಳುವ ಫಸಲಿರುವುದಿಲ್ಲ. ಅದಕ್ಕೇ ನಮ್ಮ ಬೆಳೆಗಾರರು ಮರಗಸಿ ಮಾಡುವಾಗಲೂ ಎಷ್ಟು ನೆರಳು ಉಳಿಯಬೇಕೆಂದು ಕೆಳಗೆ ನಿಂತು ಹೇಳಿ ಮಾಡಿಸುತ್ತಾರೆ. ಗಿಡಕ್ಕೆ ತೋರಿಸುವ ಈ ವಿವೇಕವನ್ನು ಮಕ್ಕಳಿಗೆ ತೋರಿಸಲು ನಮಗೇನು ಕಷ್ಟ?

ಇನ್ನು ದಾರಿ. ಇದನ್ನು ನಾನು ಕೈಮುಗಿದು ಹೇಳುತ್ತಿದ್ದೇನೆ. ಬೆಂಗಳೂರಿನಿಂದ ಚಿಕ್ಕಮಗಳೂರಿಗೇ ಸುಮಾರು 245 ಕಿಲೋಮೀಟರ್. ಕಳಸದವರಿಗೆ ಅಲ್ಲಿಂದ ಮುಂದೆಯೇ ನಿಜವಾದ ದಾರಿ ಶುರು. ಕಡೂರಿನಿಂದ ಚಿಕ್ಕಮಗಳೂರಿಗೆ 2013ರ ನವೆಂಬರಿನಲ್ಲಿ ರೈಲು ಬಂತು, ಮೂಡಿಗೆರೆಗೂ ಕಳಸಕ್ಕೂ ಇಂದಿಗೂ ಇಲ್ಲ. ಹಾಗಾಗಿ ಕಾಲ್ ಮುಗಿಸಿ ಹನ್ನೊಂದಕ್ಕೆ ಕಾರು ಹತ್ತುತ್ತೀರಿ. ಹಾಸನದವರೆಗೆ ಹೆದ್ದಾರಿ, ಕಣ್ಣು ಎಳೆಯುವುದೂ ಅಲ್ಲೇ. ಬೇಲೂರು ದಾಟಿದರೆ ತಿರುವು. ಕೊಟ್ಟಿಗೆಹಾರದ ಮಂಜಿನಲ್ಲಿ ಹೆಡ್‌ಲೈಟಿನ ಬೆಳಕು ವಾಪಸು ನಿಮ್ಮ ಮುಖಕ್ಕೇ ಬರುತ್ತದೆ. ಚಾರ್ಮಾಡಿ ಘಾಟಿ 2019ರ ಆಗಸ್ಟಿನ ಮಳೆಯಲ್ಲಿ ಹೇಗೆ ಜರಿದಿತ್ತು ಎಂಬುದನ್ನು ಇಲ್ಲಿಯವರಿಗೆ ನಾನು ನೆನಪಿಸಬೇಕಾಗಿಲ್ಲ. ಮೂಡಿಗೆರೆ ಸೀಮೆಯ ರಸ್ತೆಗಳಲ್ಲಿ ಈಗ ಆನೆಯೂ ಇದೆ. 2022ರ ನವೆಂಬರಿನಲ್ಲಿ ಕುಂದೂರು ಭಾಗದಲ್ಲಿ ಹುಲ್ಲಿಗೆ ಹೋದ ಹೆಂಗಸೊಬ್ಬರು ಆನೆಗೆ ಬಲಿಯಾದರು. ಇಡೀ ವಾರ ನಿದ್ದೆಗೆಟ್ಟವರು ಇಂಥ ದಾರಿಯಲ್ಲಿ ಅಪರಾತ್ರಿ ಗಾಡಿ ಓಡಿಸುವುದನ್ನು ಧೈರ್ಯ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮನೆಯಲ್ಲಿ ಅಮ್ಮ ಕರೆಂಟ್ ಹೋದ ಕತ್ತಲಲ್ಲಿ ಫೋನ್ ಹಿಡಿದುಕೊಂಡು ಕೂತಿರುತ್ತಾಳೆ, ನೆಟ್‌ವರ್ಕ್ ಇಲ್ಲದ ಆ ಹತ್ತು ಮೈಲಿಯಲ್ಲಿ ನೀವು ಎಲ್ಲಿದ್ದೀರಿ ಎಂದು ಗೊತ್ತಾಗದೆ. ರಾತ್ರಿ ಹೊರಡಬೇಡಿ. ಬೆಳಿಗ್ಗೆ ಹೊರಡಿ. ಒಂದು ಹೊತ್ತು ತಡವಾದರೆ ಯಾರ ಗಂಟೂ ಹೋಗುವುದಿಲ್ಲ.

ಹಾಗಾದರೆ ಬಿಡುವುದು ಯಾವುದನ್ನು? ಲೆಕ್ಕ ಹಾಕೋಣ. ಹಣ್ಣು ಕಾಯುವುದಿಲ್ಲ. ಕುಯ್ದ ಅರೇಬಿಕಾವನ್ನು ಅದೇ ದಿನ ಪಲ್ಪರ್‌ಗೆ ಕೊಡಬೇಕು. 2021ರ ನವೆಂಬರಿನ ಅಕಾಲ ಮಳೆಯಲ್ಲಿ ಹಣ್ಣು ಗಿಡದಲ್ಲೇ ಬಿರಿದು ಉದುರಿ, ಕಣದಲ್ಲಿ ಹರವಿದ್ದು ಒಣಗದೆ, ಎಷ್ಟೋ ಮನೆಗಳ ವರ್ಷದ ಗಳಿಕೆ ಮಣ್ಣುಪಾಲಾಯಿತು. ದೇಹವೂ ಕಾಯುವುದಿಲ್ಲ. ವಯಸ್ಸಾದ ಅಪ್ಪ ಅಮ್ಮಂದಿರೂ ಬಹಳ ವರ್ಷ ಕಾಯಲಾರರು. ಕಾಯಬಲ್ಲದ್ದು ಎರಡೇ: ಸಮ್ಮೇಳನ ಮತ್ತು ಕ್ಲೈಂಟು. ನಾವು ಮಾಡುತ್ತಿರುವುದು ತಿರುಗುಮುರುಗು. ಕಾಯಬಲ್ಲವರನ್ನು ಒಂದು ಕ್ಷಣವೂ ಕಾಯಿಸದೆ, ಕಾಯಲಾಗದ್ದನ್ನೆಲ್ಲ ಮುಂದಿನ ತಿಂಗಳಿಗೆ ದೂಡುತ್ತಿದ್ದೇವೆ.

ಸಮ್ಮೇಳನ ಬೇಡವೆಂದು ನಾನು ಹೇಳಲಾರೆ. ಬೆಟ್ಟದ ಮೇಲೆ ಒಂಟಿಯಾಗಿ ಪರದೆಯ ಮುಂದೆ ಕೂರುವವರಿಗೆ ತಮ್ಮಂಥವರ ಮುಖ ನೋಡುವುದೂ ಆರೋಗ್ಯವೇ. ಒಂದಕ್ಕೆ ಹೋಗಿ, ಪೂರ್ತಿ ಮನಸ್ಸಿಟ್ಟು ಹೋಗಿ. ಮೂರಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕ್ಲೈಂಟಿನ ಫೈಲ್ ತಿದ್ದುವುದನ್ನು ಕಲಿಕೆ ಎನ್ನಬೇಡಿ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲೇ ನೆಲೆ ನಿಂತು ತೋಟ ಮಾಡಿದರು, ಬರೆದರು, ಚಿತ್ರ ಬಿಡಿಸಿದರು, ಹಕ್ಕಿಗಳ ಫೋಟೊ ತೆಗೆದರು, ಕಂಪ್ಯೂಟರಿಗೆ ಕನ್ನಡ ಬರಲಿ ಎಂದು ಹಟ ಹಿಡಿದರು. ಒಂದೆಡೆ ನಿಂತವನ ಕಣ್ಣಿಗೆ ಕಾಣುವುದು ಸದಾ ಓಡುವವನಿಗೆ ಕಾಣುವುದಿಲ್ಲ. ನಿಮ್ಮ ಕಸುಬು ನೋಟದ ಕಸುಬು. ದಣಿದ ಕಣ್ಣಿಗೆ ಬಣ್ಣವೂ ಸುಳ್ಳು ಹೇಳುತ್ತದೆ.

ಸಮ್ಮೇಳನ ನಡೆಸುವವರೇ, ನಿಮಗೂ ಒಂದು ಬೇಡಿಕೆ. ವಿಶ್ವ ಕಾಫಿ ಸಮ್ಮೇಳನ ಬೆಂಗಳೂರಿನ ಅರಮನೆಯಲ್ಲಿ ನಡೆದದ್ದು 2023ರ ಸೆಪ್ಟೆಂಬರ್ 25ರಿಂದ 28ರವರೆಗೆ, ಕುಯ್ಲು ಶುರುವಾಗುವ ಮುನ್ನ. ಬೆಳೆಗಾರ ನಿಶ್ಚಿಂತೆಯಿಂದ ಹೋಗಿಬರಬಹುದಾದ ದಿನಗಳವು. ಡಿಸೈನಿನ ಮಂದಿಗೆ ಈ ರಾಜ್ಯದಲ್ಲಿ ಕೃಷಿಯ ಪಂಚಾಂಗ ಒಂದಿದೆ ಎಂಬುದೇ ನೆನಪಿರುವುದಿಲ್ಲ. ಎಲ್ಲರೂ ಒಂದೇ ತಿಂಗಳಿಗೆ ಮುಗಿಬೀಳಬೇಡಿ. ಒಂದು ವರ್ಷ ಫೆಬ್ರವರಿಯಲ್ಲಿ ಚಿಕ್ಕಮಗಳೂರಿನಲ್ಲೇ ಸೇರಿ. ಬೆಂಗಳೂರಿನವರು ಘಟ್ಟ ಹತ್ತಿ ಬರಲಿ, ನಮ್ಮ ಮಕ್ಕಳು ಅವತ್ತು ರಾತ್ರಿ ತಮ್ಮ ಮನೆಯಲ್ಲಿ ಮಲಗಲಿ. ದೂರದವರಿಗೆ ಭಾಷಣಗಳ ಧ್ವನಿಮುದ್ರಣ ಕೊಡಿ.

ಕೆಲಸ ಕೊಡುವವರೇ, ಏಜೆನ್ಸಿಗಳನ್ನು ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಶನಿವಾರ ರಾತ್ರಿ "ಒಂದು ಚಿಕ್ಕ ಬದಲಾವಣೆ" ಎಂದು ಮೆಸೇಜ್ ಹಾಕುವ ಮುನ್ನ ಎದುರಿಗಿರುವವರು ಮನುಷ್ಯರು ಎಂದು ನೆನೆಯಿರಿ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ದುಡಿಮೆಯ ಹೊತ್ತು ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕನ್ನು ಕಾನೂನು ಮಾನ್ಯ ಮಾಡಿದೆ. ನಮ್ಮ ಸಂಸತ್ತಿನಲ್ಲಿ ಖಾಸಗಿ ಮಸೂದೆ ಮಂಡನೆಯಾದದ್ದಷ್ಟೇ. ಕಾನೂನು ಬರುವ ತನಕ ನಿಮ್ಮ ಮನಸ್ಸಾಕ್ಷಿಯೇ ಕಾನೂನು.

ತೋಟದ ಮನೆಗಳ ಹಿರಿಯರೇ, ನಮ್ಮದೂ ತಪ್ಪಿದೆ. "ಕುಯ್ಲಿಗೂ ಬರಲಿಲ್ವಾ?" ಎಂಬ ಒಂದು ಮಾತು ಮಕ್ಕಳನ್ನು ಆ ಕತ್ತಲ ದಾರಿಗೆ ತಳ್ಳುತ್ತದೆ. ಬಂದಾಗ ಮೊದಲು ಮಲಗಲು ಬಿಡಿ. ಮರುದಿನ ಕಣಕ್ಕೆ ಕರೆಯಿರಿ. ಮಗ ಮಾತು ಕಡಿಮೆ ಮಾಡಿದ್ದರೆ, ಮಗಳು ತಟ್ಟೆ ಮುಂದೆ ಸುಮ್ಮನೆ ಕೂತಿದ್ದರೆ "ಸೊಕ್ಕು" ಎನ್ನಬೇಡಿ. ಟೆಲಿ-ಮಾನಸ್ ಎಂಬ ಉಚಿತ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರನ್ನು ಕ್ಯಾಲೆಂಡರಿನ ಮೇಲೆ, ಪಲ್ಪರ್ ರಿಪೇರಿಯವನ ನಂಬರಿನ ಪಕ್ಕದಲ್ಲೇ ಬರೆದಿಡಿ.

ತಮ್ಮಂದಿರೇ, ತಂಗಿಯರೇ, ಈ ದಸರೆಯೊಳಗೆ ಒಂದು ಕೆಲಸ ಮಾಡಿ. ಮನೆಗೆ ಫೋನ್ ಮಾಡಿ ಕುಯ್ಲು ಯಾವ ವಾರ ಎಂದು ಕೇಳಿ. ಆ ದಿನಗಳನ್ನು ಬರೆದು ಪ್ರತಿಯೊಬ್ಬ ಕ್ಲೈಂಟಿಗೂ ಕಳಿಸಿ: "ಈ ದಿನ ನಾನು ಕೆಲಸಕ್ಕೆ ಸಿಗುವುದಿಲ್ಲ, ಇಷ್ಟು ಹೊತ್ತಿನ ಮೇಲೆ ಕಾಲ್ ತೆಗೆದುಕೊಳ್ಳುವುದಿಲ್ಲ." ಕ್ಷಮೆ ಕೇಳಬೇಡಿ, ಕಾರಣವನ್ನು ಉದ್ದ ಮಾಡಬೇಡಿ. ಒಬ್ಬರು ಬರೆದರೆ ಕೆಲಸ ಇನ್ನೊಬ್ಬರಿಗೆ ಹೋದೀತು ಎಂಬ ನಿಮ್ಮ ಭಯ ನಿಜವೇ. ಅದಕ್ಕೇ ಕೇಳುತ್ತಿದ್ದೇನೆ, ಒಬ್ಬೊಬ್ಬರಾಗಿ ಬೇಡ, ಕಳಸದವರು, ಮೂಡಿಗೆರೆಯವರು, ಚಿಕ್ಕಮಗಳೂರಿನವರು ಒಟ್ಟಾಗಿ ಬರೆಯಿರಿ. ನವೆಂಬರ್ ಒಂದಕ್ಕೆ ಮೊದಲು ಬರೆಯಿರಿ.